ಪುರಸೈವಾಕ್ಕಂನ ‘ವಾಕ್ಕಂ’: ಒಂದು ಟಿಪ್ಪಣಿ

ಚೆನ್ನೈಯ ನುಂಗಂಬಾಕ್ಕಂ, ವಿಲ್ಲಿವಾಕ್ಕಂ, ಪುರಸೈವಾಕ್ಕಂಗಳ ಹೆಸರು ಕಿವಿಗೆ ಬಿದ್ದಾಗ ಕನ್ನಡಿಗರಿಗೆ ತಮ್ಮ ‘ಪಕ್ಕ’ ನೆನಪಾಗುವುದು ಸಹಜ. ಯಾವುದರದೋ ಪಕ್ಕದಲ್ಲಿದ್ದ ಊರು ಎಂದು ಅರ್ಥ ಹೇಳಿಬಿಡುವುದೂ ಸುಲಭ. ಆದರೆ ಈ ಅರ್ಥ ನಿಲ್ಲುವುದಿಲ್ಲ.

ಅಡ್ಡಿ ಇರುವುದು ಒಂದು ದೀರ್ಘಸ್ವರದಲ್ಲಿ. ತಮಿಳಿನಲ್ಲಿ ‘ಪಕ್ಕಂ’, ‘ಪಾಕ್ಕಂ’ ಎರಡೂ ಇವೆ. ಹ್ರಸ್ವದ್ದು ನಮ್ಮ ‘ಪಕ್ಕ’ವೇ: ‘ಪಕ್ಕತ್ತು ವೀಡು’ ಎಂದರೆ ಪಕ್ಕದ ಮನೆ, ಪುಸ್ತಕದ ಪುಟಕ್ಕೂ ಅದೇ ಪದ. ದೀರ್ಘದ್ದು ಊರು, ನೆಲೆ, ವಸತಿ ಎಂಬರ್ಥದ್ದು; ಈ ಊರಹೆಸರುಗಳ ‘ಬಾಕ್ಕಂ’, ‘ವಾಕ್ಕಂ’ಗಳು ಅದರವೇ ರೂಪಗಳು. ಕನ್ನಡದ ‘ಪಕ್ಕ’ ಬಹಳ ಕಡೆ ಕೈಚಾಚಿದೆ. ಅಕ್ಕಪಕ್ಕ, ಪಕ್ಕವಾದ್ಯ, ಪಕ್ಕೆಲುಬು ಇವೆಲ್ಲ ಒಂದೇ ಬಳಗ. ಹಳಗನ್ನಡದಲ್ಲಿ ಅದು ರೆಕ್ಕೆಯೂ ಹೌದು. ‘ಟೀಕೆಗೆ ಪಕ್ಕಾದರು’ ಎನ್ನುವಾಗ ಈಡಾಗುವುದು, ಗುರಿಯಾಗುವುದು ಎಂಬ ಅರ್ಥ. ‘ಪಕ್ಕಾ ಲೆಕ್ಕ’ದ ಪಕ್ಕಾ ಮಾತ್ರ ಹಿಂದಿಯಿಂದ ಬಂದ ಬೇರೆ ಮಾತು. ಇಷ್ಟೆಲ್ಲ ಅರ್ಥಗಳ ನಡುವೆ ಊರು ಎಂಬುದು ಎಲ್ಲಿಯೂ ಇಲ್ಲ.

‘ಪಾಕ್ಕಂ’ಗೆ ತಮಿಳು ನಿಘಂಟುಗಳು ಮೊದಲು ಕೊಡುವ ಅರ್ಥ ಕಡಲ ಕರೆಯ ಊರು, ಅಂದರೆ ತಮಿಳು ಕಾವ್ಯಪರಂಪರೆ ‘ನೆಯ್ದಲ್’ ಎನ್ನುವ ಕಡಲತೀರದ ನೆಲದ ವಸತಿ. ಇದು ತೀರ ಇಕ್ಕಟ್ಟಿನ ಅರ್ಥ ಎಂದು ನನಗೆ ತೋರುತ್ತದೆ. ‘ಶಿಲಪ್ಪದಿಕಾರಂ’ ಕಾವ್ಯದ ಪುಹಾರ್ ನಗರಕ್ಕೆ ಎರಡು ಭಾಗಗಳಿವೆ: ಮರುವೂರ್‌ಪ್ಪಾಕ್ಕಂ ಮತ್ತು ಪಟ್ಟಿನಪ್ಪಾಕ್ಕಂ. ಕಡಲ ಕಡೆಯದು, ಬೆಸ್ತರು, ಕುಶಲಕರ್ಮಿಗಳು, ಹೊರನಾಡ ವರ್ತಕರು ಇದ್ದದ್ದು ಮೊದಲನೆಯದು. ಅರಸುಬೀದಿ ಇದ್ದದ್ದು ಒಳಭಾಗದ ಎರಡನೆಯದರಲ್ಲಿ. ಎರಡರ ನಡುವೆ ಸಂತೆಯ ತಾಣ. ಕಡಲಿಗೆ ತಾಗದ ಕೇರಿಯನ್ನೂ ಕವಿ ‘ಪಾಕ್ಕಂ’ ಎಂದೇ ಕರೆದಿರುವುದರಿಂದ, ಆ ಹೊತ್ತಿಗೇ ಪದ ಕಡಲನ್ನು ಬಿಟ್ಟು ಮೇಲೇರಿತ್ತು ಎನ್ನಬೇಕು. ವಿಲ್ಲಿವಾಕ್ಕಂ, ಪುರಸೈವಾಕ್ಕಂಗಳು ಒಳನಾಡಿನಲ್ಲಿರುವುದು ಹಾಗಾಗಿ ವಿಚಿತ್ರವಲ್ಲ.

ಅರ್ಥಕ್ಕಿಂತಲೂ ಕನ್ನಡ ವ್ಯಾಕರಣ ಓದಿದವರಿಗೆ ಹೆಚ್ಚು ರುಚಿಸಬೇಕಾದ್ದು ಈ ಪದದ ಮೊದಲಕ್ಷರ. ಅನುನಾಸಿಕದ ಮುಂದೆ ಅದರ ಪಕಾರವನ್ನು ಬಕಾರವಾಗಿ ಉಚ್ಚರಿಸುತ್ತಾರೆ: ನುಂಗಂಬಾಕ್ಕಂ, ಕೋಡಂಬಾಕ್ಕಂ, ಮೀನಂಬಾಕ್ಕಂ. ತಮಿಳು ಲಿಪಿಯಲ್ಲಿ ಎರಡಕ್ಕೂ ಒಂದೇ ಅಕ್ಷರವಾದ್ದರಿಂದ ಬರಹದಲ್ಲಿ ಈ ಬದಲಾವಣೆ ಕಾಣದು. ಸ್ವರದ ಮುಂದೆ ವಕಾರ: ಪುರಸೈವಾಕ್ಕಂ, ಮೇಡವಾಕ್ಕಂ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ದಿಂದ ಇಂದಿನ ಶಾಲಾಪುಸ್ತಕದವರೆಗೆ ನಾವು ಆದೇಶಸಂಧಿ ಎಂದು ಕಲಿತದ್ದೂ ಇದನ್ನೇ. ಕಣ್ + ಪನಿ ಕಂಬನಿಯಾಯಿತು. ಕೆನೆ + ಪಾಲ್ ಕೆನೆವಾಲಾಯಿತು. ಬಿಡಿಯಾಗಿ ನಿಂತ ‘ಪನಿ’ ಮುಂದೆ ಹನಿಯಾಯಿತು, ‘ಪಾಲ್’ ಹಾಲಾಯಿತು; ಸಮಾಸದ ಒಳಗೆ ಸೇರಿಕೊಂಡದ್ದು ಮಾತ್ರ ಬ, ವ ಆಗಿಯೇ ಉಳಿಯಿತು.

ನಿಯಮ ಎಲ್ಲ ಕಡೆಯೂ ಒಂದೇ ಬಗೆಯಾಗಿ ನಡೆಯುವುದಿಲ್ಲ. ಪುರಸೈ, ತುರೈ ಎರಡೂ ಐಕಾರಾಂತಗಳೇ. ಆದರೂ ಚೆನ್ನೈಯ ತೆಂಕಣದ ಊರು ತುರೈಪ್ಪಾಕ್ಕಂ. ಅಲ್ಲಿ ಪಕಾರ ಇಮ್ಮಡಿಸಿದೆ, ವಕಾರವಾಗಿಲ್ಲ. ಪುರಸೈವಾಕ್ಕಂಗೆ ತಾಗಿಕೊಂಡಿರುವ ಕೀೞ್ಪ್ಪಾಕ್ಕಂ ಇನ್ನೊಂದು ಉದಾಹರಣೆ. ಅದನ್ನೇ ಬ್ರಿಟಿಷರು ‘ಕಿಲ್ಪಾಕ್’ ಎಂದದ್ದು.

ಪೂರ್ವಪದದ ಮಾತು ಚಿಕ್ಕದು. ‘ಪುರಸು’ ಎಂದರೆ ನಮ್ಮ ಮುತ್ತುಗ, ಊಟದೆಲೆ ಹಚ್ಚುವ ಮರ. ಊರಿನ ಗಂಗಾಧರೇಶ್ವರ ದೇವಾಲಯದ ಸ್ಥಳವೃಕ್ಷವಾಗಿಯೂ ಅದನ್ನೇ ಹೇಳುತ್ತಾರೆ. ತಮಿಳಿನಲ್ಲಿ ‘ಪುರಸೈ’ಗೆ ಆನೆಯ ಕೊರಳಿಗೆ ಕಟ್ಟುವ ಹಗ್ಗ ಎಂಬ ಅರ್ಥವೂ ಉಂಟು. ಆದರೆ ಊರ ಹೆಸರಿಗೆ ಹಗ್ಗಕ್ಕಿಂತ ಮರವೇ ಒಪ್ಪುವಂಥದ್ದು.

ಉಳಿಯುವುದು ಇಂಗ್ಲಿಷ್ ಕಾಗುಣಿತದ ಲಕಾರ. ಎಗ್ಮೋರ್, ತಂಡೈಯಾರ್‌ಪೇಟ್ಟೈಗಳ ಜೊತೆಗೆ ಈ ಊರು ಈಸ್ಟ್ ಇಂಡಿಯಾ ಕಂಪನಿಯ ಕೈಗೆ ಬಂದದ್ದು 1693ರಲ್ಲಿ. ಕಂಪನಿಯ ಕಾಲದಿಂದ ಬಂದ ಬರವಣಿಗೆಯಲ್ಲಿ ಅದು ‘ಪುರಸವಾಲ್ಕಂ’. ತಮಿಳು ರೂಪದಲ್ಲಿ ಇಲ್ಲದ ‘ಲ್’ ಇಲ್ಲಿ ನುಸುಳಿದೆ. ನಡೆಯುವುದು ಎಂಬರ್ಥದ ಇಂಗ್ಲಿಷ್ ‘ವಾಕ್’ ಪದದಲ್ಲಿ ಲಕಾರ ಬರಹದಲ್ಲಿದ್ದರೂ ಉಚ್ಚಾರಣೆಯಲ್ಲಿಲ್ಲ. ‘ವಾಕ್ಕಂ’ ಎಂದು ಕೇಳಿದ ಗುಮಾಸ್ತ ತನಗೆ ಗೊತ್ತಿದ್ದ ಆ ಅಕ್ಷರಗಳಲ್ಲೇ ಅದನ್ನು ಬರೆದಿರಬೇಕು ಎಂಬುದು ನನ್ನ ಊಹೆ. ಬರೆದವನಿಗೆ ಮೂಕವಾಗಿದ್ದ ಅಕ್ಷರಕ್ಕೆ ಓದಿದವರು ದನಿ ಕೊಟ್ಟರು. ತಮಿಳು ಉಚ್ಚಾರಣೆಗೆ ಹೊಂದುವಂತೆ 1,018 ಊರುಗಳ ಇಂಗ್ಲಿಷ್ ಕಾಗುಣಿತ ತಿದ್ದುವ ಆದೇಶವನ್ನು ತಮಿಳುನಾಡು ಸರ್ಕಾರ 2020ರ ಜೂನ್‌ನಲ್ಲಿ ಪ್ರಕಟಿಸಿ, ಅದೇ ತಿಂಗಳು ಹಿಂದಕ್ಕೆ ಪಡೆಯಿತು. ನಮಗೆ ಇಂಗ್ಲಿಷಿನ ಹಾದಿ ಹಿಡಿಯುವ ಅಗತ್ಯವೇ ಇಲ್ಲ. ದೀರ್ಘವನ್ನೂ ಕಕಾರದ ಒತ್ತನ್ನೂ ಕನ್ನಡ ಲಿಪಿ ಇದ್ದಂತೆಯೇ ತೋರಿಸಬಲ್ಲದು. ಕನ್ನಡದ ಪತ್ರಿಕೆ, ವಿಳಾಸಪಟ್ಟಿಗಳಲ್ಲಿ ‘ಪುರಸವಾಲ್ಕಂ’ ಬಿಟ್ಟು ‘ಪುರಸೈವಾಕ್ಕಂ’ ಎಂದೇ ಬರೆಯುವುದು ಸರಿ.