ಮಂತ್ರವಿದ್ಯೆ ಮತ್ತು ಪುರಾಣ: ಕಲ್ಪಿತಲೋಕ ಸಾಹಿತ್ಯದಲ್ಲಿ
ಕಲ್ಪಿತಲೋಕಗಳನ್ನು ನಿರ್ಮಿಸುವ ಅದ್ಭುತ ಕಥಾಸಾಹಿತ್ಯದಲ್ಲಿ ಮಂತ್ರವಿದ್ಯೆ ಮತ್ತು ಪುರಾಣ ಎಂಬ ಎರಡು ಪರಿಕಲ್ಪನೆಗಳು ತಮ್ಮ ರೂಢಿಯ ಅರ್ಥವನ್ನು ತೊರೆದು ಆಯಾ ಲೋಕಧರ್ಮಕ್ಕನುಗುಣವಾದ ಅರ್ಥಾಂತರವನ್ನು ತಾಳುತ್ತವೆ. ನಮ್ಮಲ್ಲಿ ಮಂತ್ರವಿದ್ಯೆಯು ಪ್ರಕೃತಿನಿಯಮದ ಉಲ್ಲಂಘನೆಯೆಂದೂ ಪುರಾಣವು ಇತಿಹಾಸದಿಂದ ಭಿನ್ನವಾದ ಕಥನವೆಂದೂ ಗಣಿಸಲ್ಪಟ್ಟರೆ, ಅಲ್ಲಿ ಮೊದಲನೆಯದು ಪ್ರಕೃತಿಯ ಅಂಗವೇ ಆಗಿಯೂ ಎರಡನೆಯದು ನಡೆದ ಸಂಗತಿಗಳ ಸ್ಮೃತಿಯಾಗಿಯೂ ಇರುವುದುಂಟು.

ಆಂಗ್ಲ ಲೇಖಕ ಜೆ. ಆರ್. ಆರ್. ಟೋಲ್ಕಿನ್ (1892–1973), 1939ರಲ್ಲಿ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದಲ್ಲಿ ನೀಡಿ 1947ರಲ್ಲಿ ಪ್ರಬಂಧರೂಪದಲ್ಲಿ ಪ್ರಕಟಿಸಿದ ಉಪನ್ಯಾಸದಲ್ಲಿ, ಅನ್ಯರ ಮೇಲಣ ಪ್ರಭುತ್ವವನ್ನು ಬಯಸುವ ಮಂತ್ರತಂತ್ರದಿಂದ, ಸೃಷ್ಟಿಯ ಆನಂದವನ್ನೇ ಗುರಿಯಾಗಿ ಹೊಂದಿದ ಮೋಹಕ ಕಲೆಯನ್ನು ಬೇರ್ಪಡಿಸಿದನು. ಈತನ 'ದಿ ಲಾರ್ಡ್ ಆಫ್ ದಿ ರಿಂಗ್ಸ್' (1954–55) ಕೃತಿಯಲ್ಲಿ, ಹಾಬಿಟರೆಂಬ ಕುಬ್ಜ ಜನರು ಮಂತ್ರವೆಂದು ಬೆರಗಾಗುವ ವಿದ್ಯೆಗೂ ಆ ಲೋಕದ ಶತ್ರುವಿನ ವಂಚನೆಗೂ ಒಂದೇ ಹೆಸರು ಸಲ್ಲುವುದು ಎಲ್ಫ್ ಜನರ ಒಡತಿ ಗಲಾಡ್ರಿಯಲಳಿಗೆ ವಿಚಿತ್ರವಾಗಿ ತೋರುತ್ತದೆ. ಅಂತೆಯೇ ಹಾಬಿಟರಿಗೆ ಪ್ರಾಚೀನ ಗಾಥೆಯಾದ ಎಯಾರೆಂಡಿಲನ ವೃತ್ತಾಂತವು ಎಲ್ಫ್ ಪ್ರಭು ಎಲ್ರಾಂಡನಿಗೆ ತನ್ನ ತಂದೆಯ ಚರಿತ್ರೆಯೇ ಆಗಿದೆ.

ಅಮೆರಿಕದ ಲೇಖಕಿ ಉರ್ಸುಲಾ ಕೆ. ಲೆ ಗ್ವಿನ್ (1929–2018) 'ಎ ವಿಝರ್ಡ್ ಆಫ್ ಅರ್ತ್‌ಸೀ' (1968) ಕಾದಂಬರಿಯಲ್ಲಿ ಮಂತ್ರವಿದ್ಯೆಯನ್ನು ವಸ್ತುಗಳ ನಿಜನಾಮಗಳ ಜ್ಞಾನವನ್ನಾಗಿಸಿದಳು. ರೋಕ್ ದ್ವೀಪದ ಗುರುಕುಲದಲ್ಲಿ ದೀರ್ಘಾಭ್ಯಾಸದಿಂದ ಸಿದ್ಧಿಸುವ ಈ ವಿದ್ಯೆಯ ಪ್ರತಿಯೊಂದು ಪ್ರಯೋಗವೂ ಜಗತ್ತಿನ ಸಮತೋಲವನ್ನು ಸ್ಪರ್ಶಿಸುವುದರಿಂದ, ಅಲ್ಲಿ ಸಾಮರ್ಥ್ಯಕ್ಕಿಂತ ಸಂಯಮವೇ ಮಾಂತ್ರಿಕನ ಶ್ರೇಷ್ಠ ಲಕ್ಷಣವಾಗುತ್ತದೆ.

ಇಂತಹ ಕೃತಿಗಳನ್ನು ಮೂಢನಂಬಿಕೆಯ ಪುನರುಕ್ತಿಯೆಂದು ತಳ್ಳಿಹಾಕುವುದು ಯುಕ್ತವಲ್ಲ. ಅಧಿಕಾರ, ಜ್ಞಾನ, ಸ್ಮೃತಿಗಳ ಸ್ವರೂಪವನ್ನು ಕುರಿತ ಗಂಭೀರ ಜಿಜ್ಞಾಸೆಯೇ ಇವುಗಳ ಸಾರವಾಗಿದೆ.