ದೇಶ ಬಿಟ್ಟವರ ಶಾಲೆ

ಹೈಸ್ಕೂಲಿನಲ್ಲಿ ಮತ ಸುಧಾರಣೆಯ ಪಾಠ ಓದಿದವರಿಗೆ ಲೂಥರ್, ಕ್ಯಾಲ್ವಿನ್ ಹೆಸರುಗಳು ನೆನಪಿರಬಹುದು. ಕ್ಯಾಲ್ವಿನ್ನನ ಬೋಧನೆಯನ್ನು ಒಪ್ಪಿಕೊಂಡ ಫ್ರಾನ್ಸಿನ ಪ್ರೊಟೆಸ್ಟೆಂಟರನ್ನು ಹ್ಯೂಗೆನಾಟರು ಎನ್ನುತ್ತಾರೆ. ಕ್ಯಾಥೊಲಿಕ್ ಬಹುಸಂಖ್ಯಾತರ ನಡುವೆ ಅವರು ಬಹಳ ಹಿಂಸೆ ಕಂಡರು. 1572ರ ಆಗಸ್ಟ್‌ನಲ್ಲಿ ಪ್ಯಾರಿಸ್ಸಿನಲ್ಲಿ ಆರಂಭವಾದ ಹತ್ಯಾಕಾಂಡ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. 1598ರಲ್ಲಿ ನಾಲ್ಕನೇ ಹೆನ್ರಿ ಹೊರಡಿಸಿದ ನಾಂಟ್ ರಾಜಾಜ್ಞೆಯಿಂದ ಅವರಿಗೆ ಮಿತಿಯೊಳಗೆ ಆರಾಧನೆಯ ಸ್ವಾತಂತ್ರ್ಯ ದೊರೆಯಿತು.

ಹೆನ್ರಿಯ ಮೊಮ್ಮಗ ಹದಿನಾಲ್ಕನೇ ಲೂಯಿ 1685ರಲ್ಲಿ ಅದನ್ನು ರದ್ದುಪಡಿಸಿದ. ಪ್ರೊಟೆಸ್ಟೆಂಟ್ ಪ್ರಾರ್ಥನಾ ಮಂದಿರಗಳನ್ನು ಕೆಡವಬೇಕು, ಪಾದ್ರಿಗಳು ಹದಿನೈದು ದಿನದೊಳಗೆ ದೇಶ ಬಿಡಬೇಕು, ಅವರ ಶಾಲೆಗಳು ಮುಚ್ಚಬೇಕು, ಹುಟ್ಟುವ ಮಕ್ಕಳಿಗೆ ಕ್ಯಾಥೊಲಿಕ್ ದೀಕ್ಷೆಯನ್ನೇ ಕೊಡಿಸಬೇಕು ಎಂದು ಆಜ್ಞೆಯಾಯಿತು. ಸಾಮಾನ್ಯ ಜನರು ದೇಶ ಬಿಡುವಂತಿರಲಿಲ್ಲ. ಸಿಕ್ಕಿಬಿದ್ದ ಗಂಡಸರಿಗೆ ಹಡಗಿನಲ್ಲಿ ಹುಟ್ಟು ಹಾಕುವ ಶಿಕ್ಷೆ, ಹೆಂಗಸರಿಗೆ ಸೆರೆವಾಸ.

ಆದರೂ ಒಂದೂವರೆಯಿಂದ ಎರಡು ಲಕ್ಷ ಜನ ಗಡಿ ದಾಟಿದರೆಂದು ಇತಿಹಾಸಕಾರರ ಅಂದಾಜು. ಹಾಲೆಂಡ್, ಇಂಗ್ಲೆಂಡ್, ಸ್ವಿಟ್ಜರ್ಲೆಂಡ್, ಜರ್ಮನ್ ಸಂಸ್ಥಾನಗಳು, ಅಮೆರಿಕ, ಹೀಗೆ ಚದುರಿದರು. ಲಂಡನ್ನಿನ ಸ್ಪಿಟಲ್‌ಫೀಲ್ಡ್ಸ್ ಅವರ ರೇಷ್ಮೆ ನೇಯ್ಗೆಯಿಂದ ಹೆಸರಾಯಿತು. ಇಂದು ನಾವೂ ಬಳಸುವ ‘ರೆಫ್ಯೂಜಿ’ ಎಂಬ ಇಂಗ್ಲಿಷ್ ಪದ ರೂಢಿಗೆ ಬಂದದ್ದು ಇವರಿಂದಲೇ.

ಈ ಜನರಲ್ಲಿ ಎರಡು ಗುಂಪುಗಳ ಕಥೆಯನ್ನು ಒಟ್ಟಿಗೆ ನೋಡಬೇಕು.

1688ರಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಯ ಹಡಗುಗಳಲ್ಲಿ ಇನ್ನೂರಕ್ಕೂ ಕಡಿಮೆ ಜನ ದಕ್ಷಿಣ ಆಫ್ರಿಕದ ಕೇಪ್ ಪ್ರದೇಶಕ್ಕೆ ಬಂದಿಳಿದರು. ಕಂಪನಿ ಅವರಿಗೆ ಡಚ್ ರೈತರ ಮಧ್ಯೆ ಚದುರಿದಂತೆ ಜಮೀನು ಕೊಟ್ಟಿತು. ಶಾಲೆಯಲ್ಲಿ ಡಚ್ ಭಾಷೆಯೇ ನಡೆಯಬೇಕೆಂದಿತು. ಮೊಮ್ಮಕ್ಕಳ ಕಾಲಕ್ಕೆ ಫ್ರೆಂಚ್ ಬಹುತೇಕ ಮರೆತುಹೋಯಿತು. ಈಗ ಉಳಿದಿರುವುದು ಫ್ರಾನ್ಸ್‌ಹುಕ್ ಎಂಬ ಊರ ಹೆಸರು, ದ್ರಾಕ್ಷಿ ತೋಟಗಳು, ಜೂಬರ್ಟ್, ಡು ಪ್ಲೆಸಿಯಂಥ ಮನೆತನದ ಹೆಸರುಗಳು.

ಬ್ರಾಂಡೆನ್‌ಬರ್ಗಿನ ಅರಸ ಫ್ರೆಡ್ರಿಕ್ ವಿಲಿಯಂ 1685ರಲ್ಲೇ ಪಾಟ್ಸ್‌ಡ್ಯಾಮ್ ರಾಜಾಜ್ಞೆಯ ಮೂಲಕ ನಿರಾಶ್ರಿತರನ್ನು ಕರೆದ. ಯುದ್ಧದಲ್ಲಿ ಬರಿದಾಗಿದ್ದ ಅವನ ನಾಡಿಗೆ ಕಸುಬುದಾರರು ಬೇಕಿದ್ದರು. ಅವರಿಗೆ ತೆರಿಗೆ ವಿನಾಯಿತಿ ಸಿಕ್ಕಿತು, ಫ್ರೆಂಚ್ ಭಾಷೆಯಲ್ಲೇ ಆರಾಧನೆಗೆ ಅವಕಾಶವಾಯಿತು. 1689ರಲ್ಲಿ ಅವನ ಮಗನ ಕಾಲದಲ್ಲಿ ಅವರ ಮಕ್ಕಳಿಗಾಗಿ ಬರ್ಲಿನ್ನಿನಲ್ಲಿ ಫ್ರೆಂಚ್ ಶಾಲೆ ತೆರೆಯಿತು. ಅಲ್ಲಿಯೂ ಅವರ ವಂಶಜರು ಕೊನೆಗೆ ಜರ್ಮನ್ ಮಾತಾಡುವವರಾದರು. ಆದರೆ ಅದು ಹಲವು ತಲೆಮಾರುಗಳ ನಂತರ, ನಿಧಾನವಾಗಿ, ಯಾರ ಆಜ್ಞೆಯೂ ಇಲ್ಲದೆ ಆದದ್ದು.

ಕೇಪ್‌ಗೆ ಹೋದವರು ಕೆಲವೇ ಜನ ಎಂಬುದನ್ನೂ ಮರೆಯಬಾರದು. ಆದರೂ ಶಾಲೆಯ ವ್ಯತ್ಯಾಸ ಚಿಕ್ಕದಲ್ಲ. ಲೂಯಿ ತನ್ನ ಆಜ್ಞೆಯಲ್ಲಿ ಶಾಲೆಯನ್ನು ಬಿಡದೆ ಸೇರಿಸಿದ್ದು ಸುಮ್ಮನಲ್ಲ. ಮಕ್ಕಳು ಏನು ಕಲಿಯುತ್ತಾರೋ ಅದೇ ಮುಂದಕ್ಕೆ ಉಳಿಯುತ್ತದೆ ಎಂಬುದು ಅವನಿಗೂ ಗೊತ್ತಿತ್ತು, ಓಡಿಹೋದವರಿಗೂ ಗೊತ್ತಿತ್ತು.

ಬರ್ಲಿನ್ನಿನ ಆ ಶಾಲೆ ಮೂರು ಶತಮಾನ ದಾಟಿ ಇಂದಿಗೂ ನಡೆಯುತ್ತಿದೆ, ಫ್ರೆಂಚ್‌ನಲ್ಲೇ ಪಾಠ ಹೇಳುತ್ತಿದೆ. ಅದೂ ನಮ್ಮದರಂತೆ ಸರ್ಕಾರಿ ಶಾಲೆ. ಐವತ್ತು ತುಂಬಿದ ನಮ್ಮ ಶಾಲೆಗೆ ಅಷ್ಟು ಆಯುಸ್ಸು ಬರಬೇಕಾದರೆ ಈ ಊರಿನ ಮಕ್ಕಳು ಇಲ್ಲಿಗೇ ಬರುವಂತೆ ನೋಡಿಕೊಳ್ಳಬೇಕಾದವರು ನಾವು.