ಜಿಂಗ್‌ಜಿಯೆ: ನೆಗಡಿ ಮತ್ತು ಚರ್ಮದ ದದ್ದುಗಳಿಗೆ ಚೀನೀ ವೈದ್ಯಪದ್ಧತಿಯ ಮೂಲಿಕೆ

ಪರಿಚಯ

ಜಿಂಗ್‌ಜಿಯೆ ತುಳಸಿ ಮತ್ತು ಪುದೀನ ಸೇರಿರುವ ಸಸ್ಯಕುಟುಂಬದ ಸುವಾಸನೆಯುಳ್ಳ ಏಕವಾರ್ಷಿಕ ಮೂಲಿಕೆ. ಇದರ ಸಸ್ಯಶಾಸ್ತ್ರೀಯ ಹೆಸರು ನೆಪೆಟಾ ಟೆನ್ಯುಯಿಫೋಲಿಯಾ. ಹಿಂದೆ ಸ್ಕಿಜೋನೆಪೆಟಾ ಎಂಬ ಹೆಸರು ರೂಢಿಯಲ್ಲಿತ್ತು. ಹೂತೆನೆಗಳು ಇನ್ನೂ ಹಸಿರಾಗಿರುವಾಗ ಗಿಡದ ನೆಲದ ಮೇಲಿನ ಭಾಗವನ್ನು ಕೊಯ್ದು, ಒಣಗಿಸಿ ಔಷಧಕ್ಕೆ ಬಳಸಲಾಗುತ್ತದೆ.

ಸಾಂಪ್ರದಾಯಿಕ ತಿಳಿವಳಿಕೆ

ಚೀನೀ ವೈದ್ಯಪದ್ಧತಿಯು ಈ ಮೂಲಿಕೆಯನ್ನು ಖಾರ ರುಚಿಯ, ಅಲ್ಪ ಉಷ್ಣಗುಣದ ದ್ರವ್ಯವೆಂದು ಪರಿಗಣಿಸುತ್ತದೆ. ಹೊರಗಿನ ‘ವಾಯು’ ದೇಹದ ಮೇಲ್ಪದರವನ್ನು ಹೊಕ್ಕಾಗ ನೆಗಡಿ, ಜ್ವರ ಮತ್ತು ತಲೆನೋವು ಬರುತ್ತವೆ. ಅದೇ ವಾಯು ಚರ್ಮದಲ್ಲಿ ನಿಂತರೆ ತುರಿಕೆ ಮತ್ತು ದದ್ದು ಏಳುತ್ತವೆ ಎಂಬುದು ಆ ಪದ್ಧತಿಯ ನಂಬಿಕೆ. ಆದುದರಿಂದಲೇ ಎರಡಕ್ಕೂ ಒಂದೇ ಮೂಲಿಕೆಯನ್ನು ಸೂಚಿಸಲಾಗಿದೆ.

ಬಳಕೆಯ ವಿಧಾನ

ಇದನ್ನು ಸಾಮಾನ್ಯವಾಗಿ ಇತರ ಮೂಲಿಕೆಗಳೊಡನೆ ಸೇರಿಸಿ ಕೊಡಲಾಗುತ್ತದೆ. ವು ಜುಟಾಂಗ್ ಅವರ ಯಿನ್‌ಚಿಯಾವೊ ಚೂರ್ಣವು ಜ್ವರಸಹಿತ ನೆಗಡಿಗೂ, ಚೆನ್ ಶಿಗಾಂಗ್ ಅವರ 1617ರ ಗ್ರಂಥದಲ್ಲಿರುವ ಷಿಯಾವೊಫೆಂಗ್ ಚೂರ್ಣವು ತುರಿಕೆಯುಳ್ಳ ದದ್ದುಗಳಿಗೂ ಪ್ರಸಿದ್ಧವಾಗಿವೆ. ಚೀನಾದ ಔಷಧಕೋಶವು 5ರಿಂದ 10 ಗ್ರಾಂ ಪ್ರಮಾಣವನ್ನು ಸೂಚಿಸುತ್ತದೆ. ಸುಗಂಧತೈಲವು ಆವಿಯಾಗದಂತೆ ಕಷಾಯವನ್ನು ಹೆಚ್ಚು ಹೊತ್ತು ಕುದಿಸುವುದಿಲ್ಲ. ಕಪ್ಪಾಗುವಂತೆ ಹುರಿದ ಮೂಲಿಕೆಯನ್ನು ರಕ್ತಸ್ರಾವ ತಡೆಯಲು ಬಳಸುವರು.

ವೈಜ್ಞಾನಿಕ ಪರಿಶೀಲನೆ

ಜಿಂಗ್‌ಜಿಯೆ ಸೇರಿದಂತೆ ಹತ್ತು ಮೂಲಿಕೆಗಳ ಕಷಾಯವನ್ನು ಲಂಡನ್ನಿನಲ್ಲಿ ಇಸುಬಿನ ರೋಗಿಗಳ ಮೇಲೆ ಪರೀಕ್ಷಿಸಲಾಯಿತು. 1992ರಲ್ಲಿ ಪ್ರಕಟವಾದ ಫಲಿತಾಂಶಗಳು ಆಶಾದಾಯಕವಾಗಿದ್ದವು. ಆದರೆ 1999ರಲ್ಲಿ ಪ್ರಕಟವಾದ ಹಾಂಗ್‌ಕಾಂಗ್‌ನ ಪರೀಕ್ಷೆಯಲ್ಲಿ ಅಂತಹ ಪ್ರಯೋಜನ ಕಂಡುಬರಲಿಲ್ಲ. 2013ರ ಕಾಕ್ರೇನ್ ವಿಮರ್ಶೆಯು 28 ಅಧ್ಯಯನಗಳನ್ನು ಪರಿಶೀಲಿಸಿ, ಇಸುಬಿಗೆ ಚೀನೀ ಮೂಲಿಕೆಗಳಿಂದ ಗುಣವಾಗುತ್ತದೆಂಬುದಕ್ಕೆ ಖಚಿತ ಆಧಾರವಿಲ್ಲವೆಂದು ತಿಳಿಸಿತು.

ಸಾರ್ವಜನಿಕರು ಗಮನಿಸಬೇಕಾದ ಅಂಶಗಳು

1. ಜಿಂಗ್‌ಜಿಯೆಯ ತೈಲದಲ್ಲಿ ಪುಲೆಗೋನ್ ಎಂಬ ಅಂಶವಿದೆ. ಅಧಿಕ ಪ್ರಮಾಣದ ಪುಲೆಗೋನ್ ಯಕೃತ್ತಿಗೆ ಹಾನಿಕರ. ಗರ್ಭಿಣಿಯರು ಮತ್ತು ಯಕೃತ್ತಿನ ತೊಂದರೆಯುಳ್ಳವರು ವೈದ್ಯರ ಸಲಹೆಯಿಲ್ಲದೆ ಇದನ್ನು ಸೇವಿಸಬಾರದು.

2. 1999ರಲ್ಲಿ ಬ್ರಿಟನ್ನಿನಲ್ಲಿ ಚರ್ಮರೋಗಕ್ಕೆಂದು ಕೊಡಲಾಗಿದ್ದ 11 ಚೀನೀ ಮೂಲಿಕಾ ಮುಲಾಮುಗಳ ಪೈಕಿ 8ರಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಪತ್ತೆಯಾಯಿತು. ಘಟಕಗಳ ವಿವರವಿಲ್ಲದ ಮುಲಾಮು ಬೇಗನೆ ಗುಣ ತೋರಿದರೂ ಅದನ್ನು ನಂಬಿ ಬಳಸತಕ್ಕದ್ದಲ್ಲ. ಮಕ್ಕಳ ವಿಷಯದಲ್ಲಿ ವಿಶೇಷ ಎಚ್ಚರ ಅಗತ್ಯ.

3. ದಡಾರದ ದದ್ದು ಹೊರಬರಲೆಂದು ಈ ಮೂಲಿಕೆಯನ್ನು ಕೊಡುವ ರೂಢಿ ಚೀನಾದಲ್ಲಿತ್ತು. ದಡಾರವನ್ನು ತಡೆಯುವುದು ಲಸಿಕೆಯೇ ಹೊರತು ಕಷಾಯವಲ್ಲ. ಮಗುವಿಗೆ ಜ್ವರದೊಂದಿಗೆ ದದ್ದು ಕಾಣಿಸಿದಲ್ಲಿ ಮನೆಮದ್ದಿನಲ್ಲಿ ಕಾಲ ಕಳೆಯದೆ ಕೂಡಲೇ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಕರೆದೊಯ್ಯಬೇಕು.